ಪೌರತ್ವ, ನಿವಾಸ, ಅಧಿವಾಸ: ಮುಂಬಯಿ ಕನ್ನಡಿಗರ ಇತಿಹಾಸದಿಂದ ಒಂದು ವಿಚಾರ

ಮುಂಬಯಿಯ ಉಪನಗರಗಳಲ್ಲಿ ನೆಲಸಿದ ಕನ್ನಡ ಮನೆತನಗಳಲ್ಲಿ ಕಳೆದ ಕೆಲವು ದಶಕಗಳಿಂದ ಒಂದು ಪ್ರಶ್ನೆ ಪದೇಪದೇ ತಲೆದೋರುತ್ತಿದೆ. ಅಮೆರಿಕೆಯಲ್ಲೋ ಕೆನಡಾದಲ್ಲೋ ಸಿಂಗಪುರದಲ್ಲೋ ಉದ್ಯೋಗದಲ್ಲಿರುವ ಮಗನು ಅಥವಾ ಮಗಳು ಆ ದೇಶದ ಪೌರತ್ವವನ್ನು ಸ್ವೀಕರಿಸಬೇಕೆ, ಬೇಡವೆ? ಸ್ವೀಕರಿಸಿದಲ್ಲಿ ಊರಿನ ಮನೆ, ಹೊಲ, ಮತದ ಹಕ್ಕು, ತೆರಿಗೆ ಇವುಗಳ ಗತಿಯೇನು? ವಿಲೆ ಪಾರ್ಲೆಯಂಥ ಸ್ಥಳದಲ್ಲಿ ಈ ಪ್ರಶ್ನೆ ಏಳುವುದು ಸಹಜವೇ ಸರಿ. ಅದರ ಪಶ್ಚಿಮಕ್ಕೆ 1928ರಲ್ಲಿ ಸ್ಥಾಪನೆಯಾದ ಜುಹು ವಿಮಾನದಾಣ, ಜೆ. ಆರ್. ಡಿ. ಟಾಟಾ ಅವರು 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಟಪಾಲು ಹೊತ್ತು ಬಂದಿಳಿದದ್ದು ಅಲ್ಲಿಯೇ. ಪೂರ್ವಕ್ಕೆ ಸಾಂತಾಕ್ರೂಜಿನ ದೊಡ್ಡ ನಿಲ್ದಾಣ. ತಲೆಯ ಮೇಲೆ ವಿಮಾನ ಹಾದುಹೋಗುವಷ್ಟು ಹೊತ್ತು ಮಾತು ನಿಲ್ಲಿಸಿ, ಸದ್ದಡಗಿದ ಬಳಿಕ ಮುಂದುವರಿಸುವುದು ಪಾರ್ಲೆಯ ನಿವಾಸಿಗಳಿಗೆ ರೂಢಿಯಾಗಿಬಿಟ್ಟಿದೆ.

ಇಂಥ ಸಮಾಲೋಚನೆಗಳಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಒಂದರೊಡನೊಂದು ಕಲಸಿಹೋಗುತ್ತವೆ. ಒಬ್ಬನು ಯಾವ ರಾಜ್ಯದ ಪ್ರಜೆ ಎಂಬುದು ಒಂದು. ಯಾವ ರಾಜ್ಯದ ತೆರಿಗೆಗೆ ನಿವಾಸಿಯೆಂದು ಎಣಿಕೆಯಾಗುತ್ತಾನೆ ಎಂಬುದು ಇನ್ನೊಂದು. ಯಾವ ನೆಲವನ್ನು ಕಡೆಯವರೆಗೂ ತನ್ನ ಮನೆಯೆಂದು ಬಗೆದಿದ್ದಾನೆ ಎಂಬುದು ಮತ್ತೊಂದು. ಕೊನೆಯದನ್ನೇ ನ್ಯಾಯಶಾಸ್ತ್ರವು ಅಧಿವಾಸವೆನ್ನುತ್ತದೆ. ಶಾಲೆ, ಕಚೇರಿಗಳ ಮುಂದೆ ಸಾಲುಗಟ್ಟಿ ನಿಲ್ಲುವ ಜನ ಡೊಮಿಸೈಲ್ ಎನ್ನುತ್ತಾರೆ. ಈ ಮೂರನ್ನೂ ಬೇರ್ಪಡಿಸಿ ನೋಡುವ ಅಗತ್ಯವು ಕನ್ನಡಿಗರಿಗೆ ವಿದೇಶಯಾತ್ರೆಯಿಂದ ಬಂದುದೆಂದು ಭಾವಿಸುವವರುಂಟು. ಆದರೆ ಮುಂಬಯಿಗೆ ಬಂದ ಹಿಂದಿನ ತಲೆಮಾರಿನ ಕನ್ನಡಿಗರು ಕಡಲು ದಾಟದೆಯೇ ಈ ಮೂರರ ಭೇದವನ್ನು ಅನುಭವಿಸಿದ್ದರು.

1947ಕ್ಕೆ ಮುಂಚಿನ ಮಾಟುಂಗಾದ ಒಂದು ಕನ್ನಡ ಸಭೆಯನ್ನು ಕಲ್ಪಿಸಿಕೊಳ್ಳಬಹುದು. ಧಾರವಾಡ, ಬೆಳಗಾಂವಿ, ವಿಜಾಪುರ, ಕಾರವಾರಗಳಿಂದ ಬಂದವರು ಮುಂಬಯಿ ಪ್ರಾಂತದವರೇ. ರಾಜಧಾನಿಗೆ ಬಂದವರೆಂದು ಅವರನ್ನು ಕರೆಯಬೇಕೇ ಹೊರತು ಪರನಾಡಿಗೆ ಬಂದವರೆಂದಲ್ಲ. ಮಂಗಳೂರು, ಉಡುಪಿ, ಬಳ್ಳಾರಿಗಳವರು ಮದರಾಸು ಪ್ರಾಂತದಿಂದ ಬಂದ ಬ್ರಿಟಿಷ್ ಪ್ರಜೆಗಳು. ಮೈಸೂರಿನವರು ಮಹಾರಾಜರ ಪ್ರಜೆಗಳು. ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರುಗಳವರಿಗೆ ತಮ್ಮ ತಮ್ಮ ಸಂಸ್ಥಾನಿಕರು. ರಾಯಚೂರು, ಕಲಬುರ್ಗಿ, ಬೀದರಗಳವರಿಗೆ ನಿಜಾಮರು. ಬ್ರಿಟಿಷ್ ಕಾನೂನಿನ ದೃಷ್ಟಿಯಲ್ಲಿ ದೇಶೀಯ ಸಂಸ್ಥಾನಗಳ ನೆಲವು ಸಾಮ್ರಾಟನ ಸ್ವಂತ ರಾಜ್ಯಭಾಗವಾಗಿರಲಿಲ್ಲ. ಆದುದರಿಂದ ಅಲ್ಲಿ ಹುಟ್ಟಿದವರು ಬ್ರಿಟಿಷ್ ಪ್ರಜೆಗಳಾಗದೆ ಬ್ರಿಟಿಷ್ ರಕ್ಷಣೆಗೆ ಒಳಪಟ್ಟವರು ಎನಿಸಿಕೊಳ್ಳುತ್ತಿದ್ದರು. ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ನುಡಿಯಾಡುತ್ತಿದ್ದ ಧಾರವಾಡದವನೂ ಜಮಖಂಡಿಯವನೂ ಲಂಡನ್ನಿಗೆ ಹೊರಟರೆ ಪಾಸ್‌ಪೋರ್ಟಿನ ಮಟ್ಟಿಗೆ ಎರಡು ವರ್ಗದವರು. ಈ ನಗರದ ಸಂಸ್ಥೆಗಳ ಹೆಸರುಗಳಲ್ಲಿಯೂ ಆ ಕಾಲದ ರಾಜಕೀಯ ಭೂಗೋಳದ ಗುರುತು ಉಳಿದಿದೆ: 1926ರ ಸಂಸ್ಥೆ ಮೈಸೂರು ಅಸೋಸಿಯೇಷನ್, ಏಳು ವರ್ಷಗಳ ತರುವಾಯ, 1933ರಲ್ಲಿ ಹುಟ್ಟಿದ್ದು ಕರ್ನಾಟಕ ಸಂಘ. ಮೊದಲನೆಯದು ಇದ್ದ ರಾಜ್ಯದ ಹೆಸರು. ಎರಡನೆಯದು ಇನ್ನೂ ಇಲ್ಲದ ರಾಜ್ಯದ ಹೆಸರು.

ತೆರಿಗೆಯ ವಿಷಯಕ್ಕೆ ಬಂದರೆ ಭೇದವು ಇನ್ನೂ ಸ್ಪಷ್ಟ. ಬ್ರಿಟಿಷ್ ಇಂಡಿಯಕ್ಕೆ 1922ರ ವರಮಾನ ತೆರಿಗೆ ಕಾಯಿದೆಯಿದ್ದಿತು. ಮೈಸೂರು ಸಂಸ್ಥಾನವು 1923ರಲ್ಲಿ ತನ್ನದೇ ಕಾಯಿದೆಯನ್ನು ಮಾಡಿಕೊಂಡಿತು. ಮುಂಬಯಿಯ ತೆರಿಗೆ ಅಧಿಕಾರಿಗೆ ಬೆಂಗಳೂರು ಹೊರನಾಡು. ಒಂದೇ ವರಮಾನಕ್ಕೆ ಎರಡು ಕಡೆಯೂ ತೆರಿಗೆ ಬೀಳದಂತೆ ದೇಶೀಯ ಸಂಸ್ಥಾನಗಳಿಗೆ ಸಂಬಂಧಿಸಿ 1939ರಲ್ಲಿ ದ್ವಿತೆರಿಗೆ ಪರಿಹಾರದ ನಿಯಮಗಳನ್ನೇ ಮಾಡಬೇಕಾಯಿತು. ಇಂದು ಭಾರತವು ಪರದೇಶಗಳೊಡನೆ ಮಾಡಿಕೊಳ್ಳುವ ತೆರಿಗೆ ಒಪ್ಪಂದಗಳ ಉದ್ದೇಶವೂ ಇದೇ. ಅದೇ 1939ರ ತಿದ್ದುಪಡಿಯು ಯಾರು ನಿವಾಸಿ ಎಂಬುದಕ್ಕೆ ಅಳತೆಗೋಲನ್ನೂ ಕೊಟ್ಟಿತು. ವರ್ಷದಲ್ಲಿ 182 ದಿವಸ ನೆಲದ ಮೇಲಿದ್ದವನು ನಿವಾಸಿ. ಅಷ್ಟೇ ಅಲ್ಲ, ತನಗಾಗಿ 182 ದಿವಸ ಒಂದು ಮನೆಯನ್ನು ಇರಿಸಿಕೊಂಡು, ಆ ವರ್ಷ ಒಮ್ಮೆ ಬಂದುಹೋದವನೂ ನಿವಾಸಿ. ಮನುಷ್ಯನು ಇಲ್ಲದಿದ್ದರೂ ಅವನ ಒಲೆ ಇದ್ದರೆ ಸಾಕೆಂಬ ಈ ನಿಯಮವು 1961ರ ಕಾಯಿದೆಯಲ್ಲಿ ಸ್ವಲ್ಪ ಸಡಿಲಗೊಂಡು ಮುಂದುವರಿಯಿತು; 1980ರ ದಶಕದಲ್ಲಿ ಅದನ್ನು ಕೈಬಿಡಲಾಯಿತು. ಊರಿನಲ್ಲಿ ಬಾಗಿಲು ತೆರೆದ ಮನೆಯೊಂದು ಇರಲೆಂದು ಹಂಬಲಿಸುವ ವಲಸಿಗನ ಮನಸ್ಸನ್ನು ಶಾಸನಕಾರನು ಇಷ್ಟು ಚೆನ್ನಾಗಿ ಬಲ್ಲವನಾಗಿದ್ದನೆಂಬುದು ಸೋಜಿಗ.

ಈ ಕಾಲದ ಸ್ಥಿತಿಯನ್ನು ತೋರಿಸುವುದಕ್ಕೆ ಕನ್ನಡ ನೆಲಕ್ಕೇ ಸಂಬಂಧಿಸಿದ ಒಂದು ವ್ಯಾಜ್ಯವಿದೆ. ಅದನ್ನು ತೆರಿಗೆ ವಕೀಲರು ಬಲ್ಲರು. ಕರ್ನಾಟಕದ ಇತಿಹಾಸವನ್ನು ಬರೆದವರು ಅದರ ಕಡೆಗೆ ಅಷ್ಟಾಗಿ ನೋಡಿದಂತಿಲ್ಲ. ಅಹಮದ್‌ಭಾಯಿ ಉಮರ್‌ಭಾಯಿ ಎಂಬ ಮುಂಬಯಿಯ ವ್ಯಾಪಾರ ಸಂಸ್ಥೆಯು ಶೇಂಗಾ ಎಣ್ಣೆಯ ವ್ಯವಹಾರ ನಡೆಸುತ್ತಿದ್ದಿತು. ಅದಕ್ಕೆ ಮುಂಬಯಿಯಲ್ಲಿ ಗಿರಣಿಗಳಿದ್ದುವಲ್ಲದೆ ನಿಜಾಮರ ರಾಜ್ಯದ ರಾಯಚೂರಿನಲ್ಲಿಯೂ ಒಂದು ಗಿರಣಿಯಿದ್ದಿತು. ರಾಯಚೂರಿನಲ್ಲಿ ತೆಗೆದ ಎಣ್ಣೆಯ ಸ್ವಲ್ಪ ಭಾಗ ಅಲ್ಲಿಯೇ ಮಾರಾಟವಾಗುತ್ತಿದ್ದಿತು. ಉಳಿದುದು ಮುಂಬಯಿಗೆ ಬಂದು ಇಲ್ಲಿ ಮಾರಾಟವಾಗಿ, ಹಣವೂ ಇಲ್ಲಿಯೇ ಕೈಸೇರುತ್ತಿದ್ದಿತು. ಎರಡನೆಯ ಮಹಾಯುದ್ಧದ ಅಧಿಕ ಲಾಭ ತೆರಿಗೆಯ ಕಾಯಿದೆ 1940ರಲ್ಲಿ ಬಂದಾಗ, ವ್ಯವಹಾರದ ಯಾವ ಭಾಗದ ಲಾಭವು ದೇಶೀಯ ಸಂಸ್ಥಾನದಲ್ಲಿ ಹುಟ್ಟುವುದೋ ಆ ಭಾಗಕ್ಕೆ ವಿನಾಯಿತಿ ದೊರೆಯಿತು. ಹಾಗಾದರೆ ಮುಂಬಯಿಯಲ್ಲಿ ಮಾರಿದ ಎಣ್ಣೆಯ ಲಾಭ ಹುಟ್ಟಿದ್ದು ಎಲ್ಲಿ? ಕಾಳು ಕೊಂಡು ಎಣ್ಣೆ ತೆಗೆದ ರಾಯಚೂರಿನಲ್ಲೋ, ಹಣ ಎಣಿಸಿಕೊಂಡ ಮುಂಬಯಿಯಲ್ಲೋ?

ಸರ್ವೋಚ್ಚ ನ್ಯಾಯಾಲಯವು 1950ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಎಣ್ಣೆ ತೆಗೆಯುವ ಕೆಲಸಕ್ಕೆ ಸಲ್ಲಬೇಕಾದ ಲಾಭವು ರಾಯಚೂರಿನಲ್ಲಿಯೇ ಹುಟ್ಟಿತು. ಮಾರಾಟ ಮುಂಬಯಿಯಲ್ಲಿ ನಡೆದುದರಿಂದ ಅದು ಮುಂಬಯಿಯದಾಗಲಾರದು ಎಂಬುದು ಅದರ ನಿರ್ಣಯ. ಒಡೆಯನು ನಿವಾಸಿಯಾಗಿದ್ದ ನಗರ ಒಂದು, ದುಡಿಮೆಯ ನೆಲ ಇನ್ನೊಂದು. ಲಾಭದ ಒಂದು ಪಾಲು ದುಡಿಮೆಯ ನೆಲಕ್ಕೆ ಸೇರಿದ್ದು. ವ್ಯಾಪಾರಿಗೆ ಇದು ತೆರಿಗೆ ಉಳಿಸಿಕೊಟ್ಟ ತೀರ್ಪು. ಇತಿಹಾಸದ ದೃಷ್ಟಿಯಿಂದ ಇದರ ಬೆಲೆ ಬೇರೆ: ಗಿರಣಿಯ ಗಾಣಕ್ಕೂ ಗಲ್ಲಾಪೆಟ್ಟಿಗೆಗೂ ನಡುವೆ ಒಂದು ರಾಜ್ಯದ ಗಡಿ ಹಾದುಹೋಗುತ್ತಿದ್ದಿತೆಂಬುದಕ್ಕೆ ಇದು ಲಿಖಿತ ಸಾಕ್ಷಿ. ತೀರ್ಪು ಬಂದ ವರ್ಷವೇ ಆ ಗಡಿಯೂ ಅಳಿಯಿತು. 1950ರ ಏಪ್ರಿಲ್ 1ರಿಂದ ಭಾರತದ ವರಮಾನ ತೆರಿಗೆ ಕಾಯಿದೆಯು ಮೈಸೂರು, ಹೈದರಾಬಾದುಗಳಿಗೂ ವಿಸ್ತರಿಸಿತು. ದರದ ಅಂತರ ಕ್ರಮೇಣ ಸರಿಹೋಗಲೆಂದು ಕೆಲಕಾಲ ರಿಯಾಯಿತಿಗಳು ನಡೆದುವು. ಮುಂಬಯಿಯ ತೆರಿಗೆ ಅಧಿಕಾರಿಗೆ ಬೆಂಗಳೂರು ಹೊರನಾಡಾಗಿದ್ದುದು ಅಂದಿಗೆ ಮುಗಿಯಿತು.

ನಿಜಾಮರ ರಾಜ್ಯದ ಕನ್ನಡಿಗರು ಇನ್ನೊಂದು ಪರಿಭಾಷೆಯನ್ನೂ ಕಂಡಿದ್ದರು. ಅದು ಮುಲ್ಕಿ. ನಿಜಾಮರ 1919ರ ಫರ್ಮಾನಿನ ಪ್ರಕಾರ ಸರಕಾರದ ನೌಕರಿಗೆ ಅರ್ಹನಾಗಬೇಕಾದರೆ ಮುಲ್ಕಿಯಾಗಿರಬೇಕಾಗಿತ್ತು. ಹೊರಗಿನಿಂದ ಬಂದವನು ಹಾಗಾಗಬೇಕಾದರೆ 15 ವರ್ಷ ಅಲ್ಲಿ ವಾಸವಾಗಿದ್ದು, ಹಳೆಯ ಊರಿಗೆ ಮರಳುವ ಯೋಚನೆಯನ್ನು ಬಿಟ್ಟಿರುವೆನೆಂದು ಪ್ರಮಾಣಪೂರ್ವಕ ಬರೆದುಕೊಡಬೇಕಾಗಿತ್ತು. ದಿನಗಳ ಎಣಿಕೆ, ಮನಸ್ಸಿನ ನಿಶ್ಚಯ ಎರಡೂ ಸೇರಿ ನೆಲಸಿಕೆ ಎಂಬ ಈ ಭಾವನೆಯು ಆಂಗ್ಲ ನ್ಯಾಯಶಾಸ್ತ್ರದ ಅಧಿವಾಸಕ್ಕೆ ತೀರ ಹತ್ತಿರದ್ದು. ಮುಲ್ತಾನಿನ ಕಡೆಯಿಂದ ವಿಭಜನೆಯ ತರುವಾಯ ಬಂದ ವರ್ತಕನೊಬ್ಬನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1955ರಲ್ಲಿ ಹೇಳಿದುದೂ ಇದನ್ನೇ: ಎಲ್ಲಿಯಾದರೂ ಇದ್ದ ಮಾತ್ರಕ್ಕೆ ಅಧಿವಾಸವಿಲ್ಲ, ಇರಬೇಕೆಂಬ ಇಚ್ಛೆಯ ಮಾತ್ರದಿಂದಲೂ ಇಲ್ಲ, ಎರಡೂ ಕೂಡಬೇಕು.

ಸಂವಿಧಾನದ ಪೌರತ್ವದ ವಿಧಿಗಳು ಮಿಕ್ಕವುಗಳಿಗಿಂತ ಮೊದಲೇ, 1949ರ ನವೆಂಬರ್ 26ರಂದು ಜಾರಿಗೆ ಬಂದುವು. ಒಂದನ್ನು ಬಿಟ್ಟರೆ ಕರಡು ಸಮಿತಿಗೆ ಇಷ್ಟು ತಲೆನೋವು ತಂದ ವಿಧಿ ಬೇರೊಂದಿಲ್ಲವೆಂಬರ್ಥದ ಮಾತನ್ನು ಅಂಬೇಡ್ಕರರು ಸಂವಿಧಾನ ಸಭೆಯಲ್ಲಿ ಆಡಿದ್ದರು. ಆದರೂ ಕನ್ನಡಿಗರ ಮಟ್ಟಿಗೆ ಫಲ ಸರಳವಾಗಿಯೇ ಬಂತು. ಭಾರತದ ನೆಲದಲ್ಲಿ ಅಧಿವಾಸವುಳ್ಳ, ಇಲ್ಲಿಯೇ ಹುಟ್ಟಿದ ಪ್ರತಿಯೊಬ್ಬನೂ ಪೌರನಾದುದರಿಂದ ಧಾರವಾಡದವನು, ಮೈಸೂರಿನವನು, ರಾಯಚೂರಿನವನು ಒಂದೇ ಹೆಸರಿಗೆ ಬಂದರು. ಆದರೆ ಕಚೇರಿಗಳಲ್ಲಿ ಹಳೆಯ ಭೇದ ಬೇರೆ ಬಾಗಿಲಿನಿಂದ ಒಳಹೊಕ್ಕಿತು. 1956ರ ನವೆಂಬರ್ 1ರಂದು ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಬೆಳಗಾಂವಿಯ ಬಹುಭಾಗವೂ ಹೊಸ ಮೈಸೂರು ರಾಜ್ಯಕ್ಕೆ ಸೇರಿದುವು. ಕನ್ನಡಿಗರ ಬಹುಕಾಲದ ಹೋರಾಟ ಫಲಿಸಿದ ದಿನವದು. ಅದೇ ದಿನ ಮುಂಬಯಿಯ ಧಾರವಾಡದವನು ಒಂದು ಹೆಜ್ಜೆಯೂ ಕದಲದೆ ಪರರಾಜ್ಯದವನಾದನು. ಪಾರ್ಲೆಯಂಥ ಸ್ಥಳಕ್ಕೆ ಇಂಥ ಪಲ್ಲಟ ಹೊಸದಲ್ಲ. 1920ರವರೆಗೆ ಅದು ಠಾಣೆ ಜಿಲ್ಲೆಯ ಊರು, ಆಮೇಲೆ ಮುಂಬಯಿ ಉಪನಗರ ಜಿಲ್ಲೆಯದು. 1950ರಲ್ಲಿ ಮುಂಬಯಿ ನಗರಸಭೆಯ ಎಲ್ಲೆಯೊಳಗೆ ಬಂದಿತು. ಜನ ಇದ್ದಲ್ಲಿಯೇ ಇದ್ದರು, ನಕ್ಷೆ ಸರಿದಾಡಿತು.

ಸರಕಾರದ ನೌಕರಿಗಳಿಗೆ ವಾಸದ ಷರತ್ತನ್ನು ತೆಗೆದುಹಾಕಲು ಸಂಸತ್ತು 1957ರಲ್ಲಿ ಕಾಯಿದೆ ಮಾಡಿತು. ಆದರೆ ಕಾಲೇಜುಗಳ ಪ್ರವೇಶದಲ್ಲಿ ಡೊಮಿಸೈಲ್ ಉಳಿಯಿತು. ಮಹಾರಾಷ್ಟ್ರದಲ್ಲಿ ಅದರ ಪ್ರಮಾಣಪತ್ರಕ್ಕೆ 15 ವರ್ಷಗಳ ವಾಸವನ್ನು ತೋರಿಸಬೇಕಾಗಿ ಬಂತು. ಹೈದರಾಬಾದಿನ ಫರ್ಮಾನಿನ ಅಂಕಿಯೇ ಮುಂಬಯಿಯ ತಹಶೀಲ್ ಕಚೇರಿಯಲ್ಲಿಯೂ ಕಾಣುವುದು ಆಕಸ್ಮಿಕವಿರಬಹುದು. ಆದರೆ ಎರಡನ್ನೂ ಕಂಡ ಮನೆತನಗಳಿಗೆ ಅದು ಆಕಸ್ಮಿಕವೆಂದು ತೋರಿರಲಾರದು. ಭಾರತದಲ್ಲಿ ಇರುವುದು ಒಂದೇ ಅಧಿವಾಸ, ಭಾರತದ್ದು. ರಾಜ್ಯಗಳು ಆ ಶಬ್ದವನ್ನು ತಪ್ಪಾಗಿ ಬಳಸುತ್ತಿವೆ ಎಂದು ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ವೈದ್ಯಕೀಯ ಪ್ರವೇಶದ ಪ್ರಕರಣದಲ್ಲಿ ಹೇಳಿತು. ಶಬ್ದ ಮಾತ್ರ ಇಂದಿಗೂ ಚಲಾವಣೆಯಲ್ಲಿದೆ.

ಇನ್ನು ಪರರಾಷ್ಟ್ರಗಳ ಪೌರತ್ವ. 1955ರ ಪೌರತ್ವ ಕಾಯಿದೆಯ 9ನೆಯ ಕಲಮು ಚಿಕ್ಕದು, ಕಠಿನವಾದದ್ದು. ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವವನ್ನು ಪಡೆದವನು ಆ ಕ್ಷಣದಿಂದ ಭಾರತದ ಪೌರನಲ್ಲ. ಅರ್ಜಿ ಬೇಡ, ಆಜ್ಞೆ ಬೇಡ, ಅವಧಿಯಿಲ್ಲ. ಪರದೇಶದ ಪಾಸ್‌ಪೋರ್ಟು ಪಡೆದುದೇ ಅದಕ್ಕೆ ಅಂತಿಮ ಸಾಕ್ಷ್ಯವೆಂಬ ನಿಯಮವನ್ನು ಸರ್ವೋಚ್ಚ ನ್ಯಾಯಾಲಯವು 1962ರಲ್ಲಿ ಎತ್ತಿಹಿಡಿಯಿತು. ಅದೇ ವರ್ಷ ಉತ್ತರ ಕನ್ನಡದ ಗಡಿಗೆ ತಾಗಿದ ಗೋವೆಯಲ್ಲಿ ಇದಕ್ಕೆ ತೀರ ಭಿನ್ನವಾದ ಪ್ರಯೋಗವೊಂದು ನಡೆದುದನ್ನು ಇಲ್ಲಿ ಹೋಲಿಸಿ ನೋಡಬೇಕು. 1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆಯಾಯಿತು. 1962ರ ಮಾರ್ಚ್ 28ರ ಆಜ್ಞೆಯು ಆ ನೆಲದಲ್ಲಿ ಹುಟ್ಟಿದವರನ್ನೂ, ಅಲ್ಲಿ ಹುಟ್ಟಿದ ತಂದೆತಾಯಿಯರ, ಅಜ್ಜ ಅಜ್ಜಿಯರ ಸಂತತಿಯನ್ನೂ ಭಾರತದ ಪೌರರೆಂದು ಸಾರಿತು. ಹಳೆಯ ಪೌರತ್ವವೇ ಬೇಕೆನ್ನುವವರು ಒಂದು ತಿಂಗಳೊಳಗೆ ಬರೆದುಕೊಡಬೇಕೆಂದಿತು. ಸುಮ್ಮನಿದ್ದವನು ಭಾರತೀಯ, ಬರೆದುಕೊಟ್ಟವನು ಪೋರ್ಚುಗೀಸ. ಹಾಗೆ ಬರೆದುಕೊಟ್ಟ ಒಬ್ಬ ಪಾದ್ರಿಯು ವಾಸದ ಪರವಾನಗಿ ತೀರಿದ ಮೇಲೂ ಹುಟ್ಟಿದ ನೆಲದಲ್ಲಿಯೇ ಇದ್ದುದಕ್ಕಾಗಿ ಪರದೇಶೀಯರ ಕಾಯಿದೆಯ ಕೆಳಗೆ ವಿಚಾರಣೆಗೆ ಒಳಗಾದನು; 1969ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅವನ ಮೊರೆಯನ್ನು ಮನ್ನಿಸಲಿಲ್ಲ. ಹುಟ್ಟು, ಮನೆ, ಅಂತ್ಯದವರೆಗಿನ ವಾಸದ ಇಚ್ಛೆ ಎಲ್ಲವೂ ಗೋವೆಯಲ್ಲಿದ್ದರೂ ಒಂದು ಹಾಳೆಯ ಬರಹ ಅವನನ್ನು ಪರದೇಶೀಯನನ್ನಾಗಿ ಮಾಡಿತು. 1974ರ ಡಿಸೆಂಬರಿನಲ್ಲಿ ಪೋರ್ಚುಗಲ್ ಭಾರತದ ಸಾರ್ವಭೌಮತ್ವವನ್ನು ಒಪ್ಪಿದ ತರುವಾಯ ಗಾಳಿ ತಿರುಗಿತು. ವಿಮೋಚನೆಗೆ ಮುಂಚೆ ಅಲ್ಲಿ ಹುಟ್ಟಿದವರನ್ನೂ ಅವರ ಸಂತತಿಯನ್ನೂ ಲಿಸ್ಬನ್ನಿನ ದಫ್ತರದಲ್ಲಿ ದಾಖಲಿಸಿಕೊಳ್ಳುವ ಹಾದಿ ತೆರೆಯಿತು. ಮುಂಬಯಿಯ ಗೋವೆಯವರಲ್ಲಿಯೂ ಆ ಹಾದಿ ಹಿಡಿದವರುಂಟು.

ಕರಾವಳಿಯ ಕನ್ನಡಿಗರಿಗೆ ಈ ಆಯ್ಕೆ ಬಂದುದು ಬೇರೆ ರೂಪದಲ್ಲಿ. ಮಂಗಳೂರು, ಉಡುಪಿ, ಭಟ್ಕಳಗಳಿಂದ ಕೊಲ್ಲಿ ರಾಜ್ಯಗಳಿಗೆ ಹೊರಟವರಿಗೆ ದೀರ್ಘಕಾಲ ಮುಂಬಯಿಯೇ ಹೆಬ್ಬಾಗಿಲು. ಮಂಗಳೂರಿನಿಂದ ನೇರವಾಗಿ ವಿದೇಶಕ್ಕೆ ವಿಮಾನ ಹೊರಟದ್ದು 2006ರಲ್ಲಿ. 1983ರ ವಲಸೆ ಕಾಯಿದೆಯ ಅನುಮತಿಗಾಗಿ, ಏಜೆಂಟನ ಕರೆಗಾಗಿ ಮುಂಬಯಿಯ ಬಂಧುಗಳ ಮನೆಯಲ್ಲೋ ಊರವರ ಹೊಟೇಲಿನ ಅಟ್ಟದಲ್ಲೋ ತಿಂಗಳುಗಟ್ಟಲೆ ಕಾದವರು ಬಹುಮಂದಿ. ಅವರು ಸೇರಿದ ದೇಶಗಳು ಪೌರತ್ವವನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಸಂಬಳದ ಮೇಲೆ ವರಮಾನ ತೆರಿಗೆಯನ್ನೂ ಕೇಳಲಿಲ್ಲ. ಮೂವತ್ತು ವರ್ಷ ದುಡಿದರೂ ವಾಸವು ನೌಕರಿಯೊಡನೆಯೇ ಮುಗಿಯುವಂಥದು. ಅಮೆರಿಕೆಯ ಕ್ರಮ ಇದಕ್ಕೆ ನೇರ ವಿರುದ್ಧ: ಪೌರತ್ವ ದೊರೆಯುತ್ತದೆ, ಆದರೆ ಪೌರನಾದವನು ಜಗತ್ತಿನಲ್ಲಿ ಎಲ್ಲಿದ್ದರೂ ಅಲ್ಲಿಯ ಖಜಾನೆಗೆ ಲೆಕ್ಕ ಒಪ್ಪಿಸಬೇಕು. ಮಗನ ಅಮೆರಿಕೆಯ ಪೌರತ್ವವನ್ನು ತೂಗಿ ನೋಡುವ ಮನೆಗಳಲ್ಲಿ ಈ ಎರಡನೆಯ ಅಂಶದ ಮಾತು ಏಳುವುದು ಅಪರೂಪ; ಅವನು ನಿವೃತ್ತನಾಗಿ ಪಾರ್ಲೆಗೋ ಧಾರವಾಡಕ್ಕೋ ಮರಳಿದ ಮೇಲೆ ಅದು ನೆನಪಾಗುತ್ತದೆ.

ಭಾರತದ ತೆರಿಗೆ ಕಾಯಿದೆಯು ಪೌರತ್ವವನ್ನು ಬದಿಗಿಟ್ಟು ದಿನಗಳನ್ನೇ ಎಣಿಸುತ್ತ ಬಂದಿತ್ತು. 2020ರಲ್ಲಿ ಮೊದಲ ಬಾರಿಗೆ ಪೌರತ್ವವನ್ನೇ ಹಿಡಿಯಿತು: ಭಾರತದ ಮೂಲಗಳಿಂದ 15 ಲಕ್ಷ ರೂಪಾಯಿಗೆ ಮಿಕ್ಕ ವರಮಾನವಿದ್ದು, ವಾಸದ ಕಾರಣದಿಂದ ಬೇರಾವ ದೇಶದಲ್ಲಿಯೂ ತೆರಿಗೆಗೆ ಒಳಪಡದ ಭಾರತೀಯ ಪೌರನನ್ನು ನಿವಾಸಿಯೆಂದೇ ಭಾವಿಸತಕ್ಕದ್ದೆಂದು ವಿಧಿಸಿತು. 1961ರ ಕಾಯಿದೆಯ ಸ್ಥಾನಕ್ಕೆ ಬಂದ 2025ರ ಹೊಸ ಕಾಯಿದೆಯೂ 182 ದಿವಸಗಳ ಎಣಿಕೆಯನ್ನು ಬಿಟ್ಟಿಲ್ಲ. 1999ರ ವಿದೇಶಿ ವಿನಿಮಯ ಕಾಯಿದೆಯದು ಇನ್ನೊಂದು ಲೆಕ್ಕ. ಅದು ದಿನಗಳೊಂದಿಗೆ ಇಚ್ಛೆಯನ್ನೂ ನೋಡುತ್ತದೆ. ಅನಿಶ್ಚಿತ ಕಾಲ ಹೊರಗಿರುವ ಇಂಗಿತದಿಂದ ಹೋದವನು ಅದರ ಕಣ್ಣಿಗೆ ಹೊರಗಿನವನು. ಹೀಗೆ ಒಬ್ಬನೇ ಮನುಷ್ಯನು ಒಂದೇ ವರ್ಷದಲ್ಲಿ ತೆರಿಗೆಯವರಿಗೆ ನಿವಾಸಿ, ಬ್ಯಾಂಕಿನವರಿಗೆ ಅನಿವಾಸಿ, ಪಾಸ್‌ಪೋರ್ಟಿನವರಿಗೆ ಪೌರ ಆಗಿರಬಲ್ಲನು. ಈ ಮೂರರಲ್ಲಿ ಎರಡು ಪಂಚಾಂಗ ತಿರುಗಿದಂತೆ ತಿರುಗಿ ಬರುತ್ತವೆ. ಪೌರತ್ವ ಮಾತ್ರ ಹೋದರೆ ತಾನಾಗಿ ಬರುವುದಿಲ್ಲ.

ಭೂಮಿಯ ವಿಷಯದಲ್ಲಿ ದೂರವಾಸದ ಪೆಟ್ಟನ್ನು ದಕ್ಷಿಣ ಕನ್ನಡದವರು ಒಮ್ಮೆ ಕಂಡಿದ್ದಾರೆ. 1974ರ ಮಾರ್ಚ್ 1ರಂದು ಗೇಣಿಗೆ ಕೊಟ್ಟ ಭೂಮಿಯೆಲ್ಲ ಸರಕಾರಕ್ಕೆ ಸೇರಿ, ಉಳುವವನಿಗೆ ಹಕ್ಕು ದೊರೆಯುವ ಕ್ರಮ ಜಾರಿಗೆ ಬಂದಿತು. ಮುಂಬಯಿಯಲ್ಲಿದ್ದು ಗದ್ದೆಯನ್ನು ಗೇಣಿಗೆ ಬಿಟ್ಟಿದ್ದವನು ಅದನ್ನು ಕಳೆದುಕೊಂಡನು. ಮುಂಬಯಿಯ ಹೊಟೇಲಿನಲ್ಲಿ ದುಡಿಯುತ್ತಿದ್ದ ಒಕ್ಕಲಿನ ಮಗನ ಮನೆಗೆ ಅದು ಬಂದಿತು. ಒಂದೇ ಕಾಯಿದೆ ಒಂದೇ ನಗರದ ಇಬ್ಬರು ಊರವರನ್ನು ಎರಡು ಬಗೆಯಾಗಿ ಮುಟ್ಟಿದುದರಿಂದ ಅದರ ಬಗ್ಗೆ ಮುಂಬಯಿಯ ಕನ್ನಡ ಕೂಟಗಳಲ್ಲಿ ಒಮ್ಮತ ಸಾಧ್ಯವಿರಲಿಲ್ಲ. ನ್ಯಾಯವು ಒಕ್ಕಲಿನ ಕಡೆಗಿದ್ದಿತೆಂಬುದರಲ್ಲಿ ಸಂದೇಹವಿಲ್ಲ. ಇಂದಿನ ನಿಯಮ ಬೇರೆ. ಕರ್ನಾಟಕವು 2020ರಲ್ಲಿ ಕೃಷಿಕರಲ್ಲದವರಿಗೂ ಹೊಲ ಕೊಳ್ಳಲು ಅವಕಾಶ ಮಾಡಿತು. ಆದರೆ ವಿದೇಶಿ ವಿನಿಮಯದ ನಿಯಮದ ಮೇರೆಗೆ ಅನಿವಾಸಿ ಭಾರತೀಯನೂ ಸಾಗರೋತ್ತರ ಪೌರನೂ ಹೊಲ, ತೋಟ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದುದನ್ನು ಇಟ್ಟುಕೊಳ್ಳಬಹುದು.

ಸಾಗರೋತ್ತರ ಪೌರ ಎಂಬ ಹೆಸರೇ ಕೆಲಮಟ್ಟಿಗೆ ದಾರಿ ತಪ್ಪಿಸುವಂಥದು. ಎಲ್. ಎಂ. ಸಿಂಘ್ವಿಯವರ ಸಮಿತಿಯು ದ್ವಿಪೌರತ್ವವನ್ನು ಶಿಫಾರಸು ಮಾಡಿದ ತರುವಾಯ 2003ರ, 2005ರ ತಿದ್ದುಪಡಿಗಳಿಂದ ಈ ಚೀಟಿ ಬಂದಿತು, ಬಂದುದು ದ್ವಿಪೌರತ್ವವಲ್ಲ. ಜೀವಮಾನದ ಪ್ರವೇಶಾನುಮತಿ, ಹಣಕಾಸಿನ ಕೆಲವು ಸಮಾನತೆಗಳು ಇವೆ. ಮತವಿಲ್ಲ, ಶಾಸಕ ಸ್ಥಾನವಿಲ್ಲ, ಸಾಮಾನ್ಯವಾಗಿ ಸರಕಾರದ ಹುದ್ದೆಯಿಲ್ಲ. 2021ರ ಮಾರ್ಚ್ 4ರ ಅಧಿಸೂಚನೆಯಂತೆ ಸಂಶೋಧನೆಗೂ ವಿಶೇಷ ಅನುಮತಿ ಬೇಕು. ಅಮೆರಿಕೆಯ ಪೌರನಾದ ಕನ್ನಡ ವಿದ್ವಾಂಸನೊಬ್ಬನು ತನ್ನ ಅಜ್ಜನ ಊರಿನ ಶಾಸನವನ್ನು ಓದಲು ಬರುವಾಗ ಈ ವಾಕ್ಯ ಅವನ ದಾರಿಗೆ ಅಡ್ಡ ನಿಂತೀತು.

ಮಕ್ಕಳ ಮಾತು ಉಳಿಯಿತು. ವಿದೇಶದಲ್ಲಿ ಹುಟ್ಟಿದ ಮಗುವಿಗೆ 1992ರ ಡಿಸೆಂಬರ್ 10ರ ವರೆಗೆ ತಂದೆಯ ಮೂಲಕ ಮಾತ್ರ ಭಾರತದ ಪೌರತ್ವ ಬರುತ್ತಿದ್ದಿತು. ಆ ಬಳಿಕ ತಾಯಿಯ ಮೂಲಕವೂ ಬರುವಂತಾಯಿತು. ಪೌರತ್ವವನ್ನು 8ನೆಯ ಕಲಮಿನ ಪ್ರಕಾರ ತಾನಾಗಿ ಬಿಟ್ಟುಕೊಟ್ಟವನ ಅಪ್ರಾಪ್ತ ಮಕ್ಕಳೂ ಅದನ್ನು ಕಳೆದುಕೊಳ್ಳುತ್ತಾರೆ; ಆದರೆ ವಯಸ್ಸಿಗೆ ಬಂದ ಒಂದು ವರ್ಷದೊಳಗೆ ಘೋಷಿಸಿ ಮರಳಿ ಪಡೆಯಬಹುದು. ಈ ಅವಕಾಶವನ್ನು ನಂಬಿ ಸಿಂಗಪುರದಲ್ಲಿ ಹುಟ್ಟಿದ ಒಬ್ಬ ತರುಣನು ನ್ಯಾಯಾಲಯಕ್ಕೆ ಹೋದನು. ಅವನ ತಂದೆತಾಯಿಯರು 1998ರ ಡಿಸೆಂಬರಿನಲ್ಲಿ ಆ ದೇಶದ ಪೌರರಾಗಿದ್ದರು. ಅವನು ಹುಟ್ಟಿದ್ದು 1999ರ ಮಾರ್ಚಿನಲ್ಲಿ. ಮದರಾಸು ಉಚ್ಚ ನ್ಯಾಯಾಲಯ ಅವನ ಪರವಾಗಿ ತೀರ್ಪಿತ್ತಿತು. ಸರ್ವೋಚ್ಚ ನ್ಯಾಯಾಲಯವು 2024ರ ಅಕ್ಟೋಬರ್ 18ರಂದು ಅದನ್ನು ತಳ್ಳಿಹಾಕಿತು: ತಂದೆತಾಯಿಯರು ಪೌರತ್ವವನ್ನು ಬಿಟ್ಟುಕೊಡಲಿಲ್ಲ, ಪರದೇಶದ ಪೌರತ್ವ ಪಡೆದೊಡನೆ 9ನೆಯ ಕಲಮಿನಿಂದ ಅದು ತಾನಾಗಿಯೇ ಹೋಯಿತು, ಬಿಟ್ಟುಕೊಟ್ಟವರ ಮಕ್ಕಳಿಗಿರುವ ಒಂದು ವರ್ಷದ ಅವಕಾಶ ಇವನಿಗೆ ಅನ್ವಯಿಸುವುದಿಲ್ಲ. ಗೋವೆಯವರಿಗೆ 1962ರಲ್ಲಿ ಯೋಚಿಸಲು ಒಂದು ತಿಂಗಳು ದೊರೆತಿದ್ದಿತು. ಸಿಂಗಪುರದ ಆ ದಂಪತಿಗಳಿಗೆ ಭಾರತದ ಕಾಯಿದೆಯಲ್ಲಿ ಅಂಥ ಒಂದು ದಿನವೂ ಇರಲಿಲ್ಲ.